ಟಿಬಿನಾ, ಕ್ರೋನ್ಸಾ? ಇಬ್ಬರು ಡಾಕ್ಟರು ಎರಡು ಥರ ಹೇಳಿದಾಗ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವು ತಿಪಟೂರು ಕಡೆಯವರು. ನನ್ನ ತಮ್ಮನಿಗೆ 26 ವರ್ಷ, ಬೆಂಗಳೂರಲ್ಲಿ ಬೈಕ್‌ನಲ್ಲಿ ಡೆಲಿವರಿ ಕೆಲಸ ಮಾಡ್ತಿದ್ದ. ಎಂಟು ತಿಂಗಳಿಂದ ಹೊಟ್ಟೆ ಬಲಗಡೆ ಕೆಳಗೆ ನೋವು, ದಿನಕ್ಕೆ ಐದಾರು ಸಲ ಲೂಸ್ ಮೋಷನ್, ರಾತ್ರಿ ನಿದ್ದೆಯಿಂದ ಎದ್ದು ಹೋಗ್ತಾನೆ, ಆಗಾಗ ಸಂಜೆ ಮೈ ಬೆಚ್ಚಗಾಗುತ್ತೆ, 11 ಕೆಜಿ ಇಳಿದಿದ್ದಾನೆ. ಮೊದಲು ಗ್ಯಾಸ್ಟ್ರಿಕ್ ಅಂದ್ರು, ಆಮೇಲೆ ಐಬಿಎಸ್ (ಹುಣ್ಣಿಲ್ಲದೆ ಕರುಳು ಕಿರಿಕಿರಿ ಮಾಡೋ ತೊಂದರೆ), ಟೆನ್ಷನ್ ಅಂದ್ರು. ಕೊನೆಗೆ ಕೊಲೊನೋಸ್ಕೋಪಿ ಮಾಡಿಸಿದ್ವಿ. ಸಣ್ಣ ಕರುಳು ದೊಡ್ಡ ಕರುಳು ಸೇರೋ ಜಾಗದಲ್ಲಿ ಹುಣ್ಣು ಅಂತ ಬಂತು. ಬಯಾಪ್ಸಿಲಿ ಗ್ರಾನುಲೋಮಾ ಇದೆ, ಟಿಬಿ ಕ್ರಿಮಿ ಕಾಣಲಿಲ್ಲ ಅಂತ ಬರೆದಿದ್ದಾರೆ. ಟಿಬಿ ಕ್ರಿಮಿ ಹುಡುಕೋ ಜೀನ್‌ಎಕ್ಸ್‌ಪರ್ಟ್ ಟೆಸ್ಟೂ ನೆಗೆಟಿವ್. ಮೋಷನ್ ಟೆಸ್ಟಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ 900. ನಮ್ಮೂರ ಕಡೆ ಡಾಕ್ಟರು ಕರುಳಿನ ಟಿಬಿ ಅಂತ ಮಾತ್ರೆ ಶುರು ಮಾಡಿ ಐದು ವಾರ ಆಯ್ತು, 2 ಕೆಜಿ ಏರಿದ್ದಾನೆ, ನೋವು ಸ್ವಲ್ಪ ಕಮ್ಮಿ. ಹೋದ ವಾರ ಬೆಂಗಳೂರಲ್ಲಿ ಇನ್ನೊಬ್ಬರಿಗೆ ತೋರಿಸಿದ್ವಿ, ಅವರು ಇದು ಟಿಬಿ ಅಲ್ಲ ಕ್ರೋನ್ಸ್, ಮಾತ್ರೆ ನಿಲ್ಲಿಸಿ ಸ್ಟೀರಾಯ್ಡ್ ತಗೊಳ್ಳಿ, ಮುಂದೆ ಇಂಜೆಕ್ಷನ್ ಬೇಕಾಗಬಹುದು ಅಂದ್ರು. ಆ ಇಂಜೆಕ್ಷನ್ ಒಂದ್ಸಲ ಶುರು ಮಾಡಿದ್ರೆ ಸಾಯೋವರೆಗೂ ಬೇಕು, ಕ್ಯಾನ್ಸರ್ ಬರುತ್ತೆ ಅಂತಾರೆ. ನಮ್ಮ ಚಿಕ್ಕಪ್ಪ ಒಂದು ನಾಟಿ ಪುಡಿ ತಂದುಕೊಟ್ಟು ಗಂಜಿ ಬಿಟ್ಟು ಬೇರೇನೂ ತಿನ್ನಬೇಡ ಅಂದಿದ್ದಾರೆ. ಯಾರನ್ನ ನಂಬೋದು? ಇದು ಅಂಟುತ್ತಾ? ಅವನಿಗೆ ಹೆಣ್ಣು ನೋಡ್ತಾ ಇದ್ವಿ, ಅದೂ ನಿಂತಿದೆ.

ಉತ್ತರ: ಪತ್ರದ ಜೊತೆ ಕಳಿಸಿದ ರಿಪೋರ್ಟ್‌ಗಳನ್ನೆಲ್ಲ ನೋಡಿದೆ. ನಿಮ್ಮ ಭಯ ಏನು ಅಂದ್ರೆ ಇಬ್ಬರಲ್ಲಿ ಒಬ್ಬರು ತಪ್ಪು ದಾರಿ ತೋರಿಸ್ತಿದ್ದಾರೆ, ನಾವು ಆರಿಸೋದು ತಪ್ಪಿದ್ರೆ ತಮ್ಮನ ಕಥೆ ಏನು ಅಂತ. ಮೊದಲು ಒಂದು ಮಾತು, ಆ ಇಬ್ಬರೂ ದಡ್ಡರಲ್ಲ, ದುಡ್ಡಿಗೆ ಹೇಳ್ತಿರೋದೂ ಅಲ್ಲ. ನಿಮ್ಮ ತಮ್ಮನ ಕಾಗದಗಳನ್ನ ಹತ್ತು ಜನ ಗ್ಯಾಸ್ಟ್ರೋ ಡಾಕ್ಟರ ಮುಂದೆ ಇಟ್ರೆ ಐದು ಜನ ಟಿಬಿ ಐದು ಜನ ಕ್ರೋನ್ಸ್ ಅಂದ್ರೂ ನನಗೆ ಆಶ್ಚರ್ಯ ಆಗಲ್ಲ. ನಮ್ಮ ಕೆಲಸದಲ್ಲಿ ನಿದ್ದೆ ಕೆಡಿಸೋ ಪ್ರಶ್ನೆ ಯಾವುದು ಅಂತ ಕೇಳಿದ್ರೆ ನಾನು ಇದನ್ನೇ ಹೇಳೋದು.

ಟಿಬಿ ಕ್ರಿಮಿಯಿಂದ ಬರೋ ಸೋಂಕು, ಕ್ರೋನ್ಸ್ ಅಂದ್ರೆ ದೇಹದ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ತಿರುಗಿಬಿದ್ದು ಆಗೋ ಉರಿಯೂತ. ಬೇರ್ಪಡಿಸೋದು ಯಾಕೆ ಇಷ್ಟು ಕಷ್ಟ ಅಂದ್ರೆ, ಎರಡು ಕಾಯಿಲೆಗೂ ಇಷ್ಟದ ಜಾಗ ಒಂದೇ, ಸಣ್ಣ ಕರುಳಿನ ಕೊನೆ ಮತ್ತೆ ಅದು ದೊಡ್ಡ ಕರುಳಿಗೆ ಸೇರೋ ಬಾಗಿಲು. ಎರಡರಲ್ಲೂ ಹುಣ್ಣಾಗುತ್ತೆ, ಕರುಳಿನ ಗೋಡೆ ದಪ್ಪ ಆಗುತ್ತೆ, ಆಮೇಲೆ ಅದು ಗಟ್ಟಿಯಾಗಿ ದಾರಿ ಕಿರಿದಾಗುತ್ತೆ, ಅದಕ್ಕೇ ಸ್ಟ್ರಿಕ್ಚರ್ ಅನ್ನೋದು. ನೋವು, ಭೇದಿ, ಜ್ವರ, ತೂಕ ಇಳಿಯೋದು ಎಲ್ಲಾ ಒಂದೇ ಥರ. ಗ್ರಾನುಲೋಮಾ ಅಂದ್ರೆ ದೇಹ ತನಗೆ ಓಡಿಸೋಕೆ ಆಗದೇ ಇರೋದನ್ನ ಸುತ್ತುವರಿದು ಕಟ್ಟೋ ಕಣಗಳ ಗಂಟು, ಅದೂ ಎರಡರಲ್ಲೂ ಬರುತ್ತೆ. ಗಂಟಿನ ನಡುವೆ ಗಿಣ್ಣಿನ ಥರ ಕೊಳೆತ ಭಾಗ ಕಂಡ್ರೆ ಟಿಬಿ ಅಂತ ಧೈರ್ಯವಾಗಿ ಹೇಳಬಹುದು, ಆದ್ರೆ ಟಿಬಿ ಇದ್ದೋರಲ್ಲೂ ಬಹಳ ಜನರ ಬಯಾಪ್ಸಿಲಿ ಅದು ಸಿಗಲ್ಲ, ನಾವು ಸ್ಕೋಪ್‌ನಿಂದ ಕಿತ್ತುಕೊಳ್ಳೋದು ಅಕ್ಕಿ ಕಾಳಿಗಿಂತ ಸಣ್ಣ ಚೂರು, ಅದೂ ಮೇಲ್ಪದರದ್ದು.

ಈ ಗೊಂದಲ ಹಳೇದು. 1913ರಲ್ಲಿ ಗ್ಲಾಸ್ಗೋದ ಸರ್ಜನ್ ಕೆನೆಡಿ ಡಾಲ್ಜಿಯೆಲ್ ಇಂಥಾ ಕರುಳುಗಳನ್ನ ವರ್ಣಿಸಿ, ಇದು ಟಿಬಿ ಥರ ಕಾಣುತ್ತೆ ಆದ್ರೆ ಟಿಬಿ ಅಲ್ಲ, ದನಗಳಿಗೆ ಬರೋ ಜೋನ್ಸ್ ರೋಗಕ್ಕೆ ಹೋಲುತ್ತೆ ಅಂತ ಬರೆದರು. ಅದನ್ನ ಯಾರೂ ಹೆಚ್ಚು ಗಮನಿಸಲಿಲ್ಲ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಮೂರು ಜನ 14 ರೋಗಿಗಳ ಬಗ್ಗೆ ಬರೆದಾಗ ಹೆಸರು ನಿಂತಿತು, ಅದೂ ಲೇಖಕರ ಹೆಸರುಗಳು ಅಕ್ಷರಮಾಲೆ ಪ್ರಕಾರ ಇದ್ದಿದ್ದಕ್ಕೆ ಕ್ರೋನ್ ಮೊದಲು ಬಂದ್ರು ಅನ್ನೋದು ನಮ್ಮಲ್ಲಿ ಎಲ್ಲರೂ ಹೇಳೋ ತಮಾಷೆ. ಅಮೆರಿಕ, ಯುರೋಪಲ್ಲಿ ಆಮೇಲೆ ಟಿಬಿನೇ ಕಮ್ಮಿ ಆಯ್ತು, ಅವರಿಗೆ ಈ ತಲೆನೋವು ಹೋಯ್ತು. ನಮಗೆ ಹೋಗಲಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರು, ಅದರ ಜೊತೆಗೆ ಕ್ರೋನ್ಸ್, ದೊಡ್ಡ ಕರುಳಿಗೆ ಬರೋ ಅದರ ಸೋದರ ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್ ಕೂಡ ನಗರಗಳಲ್ಲಿ ಏರ್ತಾ ಇದೆ. ನಾನು ಎಂಬಿಬಿಎಸ್ ಓದುವಾಗ ಕ್ರೋನ್ಸ್ ಅಂದ್ರೆ ಬಿಳಿಯರ ಕಾಯಿಲೆ, ಪರೀಕ್ಷೆಗೆ ಓದ್ಕೊಂಡ್ರೆ ಸಾಕು ಅಂತಿದ್ರು. ಈಗ ಓಪಿಡಿಲಿ ಕೂತ್ರೆ ಹಳ್ಳಿಯಿಂದ ಬಂದೋರಲ್ಲೂ ನೋಡ್ತೀನಿ.

ಇನ್ನು ಟೆಸ್ಟ್‌ಗಳು. ಜೀನ್‌ಎಕ್ಸ್‌ಪರ್ಟ್ ನೆಗೆಟಿವ್ ಬಂತು, ಹಾಗಾದ್ರೆ ಟಿಬಿ ಅಲ್ಲ ಅಂತ ನೀವು ಪತ್ರದಲ್ಲಿ ಅಡಿಗೆರೆ ಹಾಕಿ ಕೇಳಿದ್ದೀರ. ಅದು ಪಾಸಿಟಿವ್ ಬಂದಿದ್ರೆ ನಾನು ಒಪ್ಪಿಕೊಂಡು ಮಾತು ಮುಗಿಸ್ತಿದ್ದೆ. ನೆಗೆಟಿವ್‌ಗೆ ಅಷ್ಟು ಬೆಲೆ ಇಲ್ಲ. ಕಫದಲ್ಲಿ ಟಿಬಿ ಕ್ರಿಮಿ ರಾಶಿ ಇರುತ್ತೆ, ಕರುಳಿನ ಹುಣ್ಣಲ್ಲಿ ಅಲ್ಲೊಂದು ಇಲ್ಲೊಂದು. ಲ್ಯಾಬಲ್ಲಿ ಕ್ರಿಮಿ ಬೆಳೆಸಿ ನೋಡೋ ಕಲ್ಚರ್‌ಗೆ ಹಾಕಿದ್ರೆ ಇನ್ನಷ್ಟು ಸಿಗುತ್ತೆ, ಆದ್ರೆ ಆರು ವಾರದ ತನಕ ಕಾಯಬೇಕು. ಮೊದಲ ಸ್ಕೋಪ್‌ನಲ್ಲಿ ಕಲ್ಚರ್‌ಗೆ ಕಳಿಸಿದ್ರಾ ಅಂತ ಕೇಳಿ, ನೀವು ಕಳಿಸಿರೋ ಕಾಗದದಲ್ಲಿ ಅದು ಕಾಣಲಿಲ್ಲ. ಟಿಬಿ ಗೋಲ್ಡ್ ರಕ್ತ ಪರೀಕ್ಷೆ ಮತ್ತೆ ಕೈಗೆ ಚುಚ್ಚಿ ನೋಡೋ ಮಾಂಟೂ ಎರಡೂ ಹೇಳೋದು ಯಾವಾಗಲೋ ಕ್ರಿಮಿ ದೇಹಕ್ಕೆ ಹೊಕ್ಕಿತ್ತು ಅನ್ನೋದನ್ನ ಮಾತ್ರ, ನಮ್ಮ ದೇಶದಲ್ಲಿ ಆರೋಗ್ಯವಾಗಿ ಓಡಾಡ್ತಿರೋ ಎಷ್ಟೋ ಜನಕ್ಕೆ ಪಾಸಿಟಿವ್ ಬರುತ್ತೆ. ಯಾರಾದ್ರೂ ರಕ್ತದಲ್ಲಿ ಟಿಬಿ ಆಂಟಿಬಾಡಿ ನೋಡೋಣ ಅಂದ್ರೆ ಬೇಡ ಅನ್ನಿ, ಆ ಟೆಸ್ಟ್‌ಗಳನ್ನ ಕೇಂದ್ರ ಸರ್ಕಾರ 2012ರಲ್ಲೇ ನಿಷೇಧ ಮಾಡಿದೆ. ಕ್ಯಾಲ್‌ಪ್ರೊಟೆಕ್ಟಿನ್ 900 ಅನ್ನೋದು ನಿಮ್ಮನ್ನ ಹೆದರಿಸಿರೋ ಹಾಗಿದೆ. ಅದು ಬಿಳಿ ರಕ್ತಕಣದಿಂದ ಬರೋ ಪ್ರೋಟೀನು, 50ರ ಒಳಗಿದ್ರೆ ಕರುಳಲ್ಲಿ ಉರಿಯೂತ ಇಲ್ಲ ಅಂತ ನೆಮ್ಮದಿಯಾಗಿರಬಹುದು, 250 ದಾಟಿದ್ರೆ ಕರುಳು ನಿಜಕ್ಕೂ ಉರೀತಿದೆ. ಐಬಿಎಸ್ ಮತ್ತೆ ಟೆನ್ಷನ್ ಅಂದವರ ಮಾತು ಸುಳ್ಳಾಗೋದು ಇಲ್ಲಿ. ಐಬಿಎಸ್‌ನಲ್ಲಿ ಇಷ್ಟು ಏರಲ್ಲ, ರಾತ್ರಿ ನಿದ್ದೆಯಿಂದ ಎಬ್ಬಿಸಲ್ಲ, 11 ಕೆಜಿ ಇಳಿಸಲ್ಲ. ಆದ್ರೆ ಉರೀತಿರೋದು ಟಿಬಿಯಿಂದಲೋ ಕ್ರೋನ್ಸ್‌ನಿಂದಲೋ ಅಂತ ಆ 900ಕ್ಕೆ ಗೊತ್ತಿಲ್ಲ.

ಹಾಗಾದ್ರೆ ನಾವು ಯಾವುದರ ಮೇಲೆ ಊಹೆ ಕಟ್ಟೋದು? ಸಣ್ಣ ಸಣ್ಣ ಸುಳಿವು ಕೂಡಿಸಿ. ಗುದದ ಹತ್ರ ಫಿಸ್ಟುಲಾ (ಕೀವು ಸೋರೋ ತೂತು) ಇದ್ರೆ, ಮೋಷನ್‌ನಲ್ಲಿ ರಕ್ತ ಹೋಗ್ತಿದ್ರೆ, ಬಾಯಿ ಹುಣ್ಣು, ಕೀಲು ನೋವು ಇದ್ರೆ, ಹುಣ್ಣು ಉದ್ದುದ್ದಕ್ಕೆ ಇದ್ರೆ, ನಡುನಡುವೆ ಚೆನ್ನಾಗಿರೋ ಕರುಳು ಬಿಟ್ಟು ಮತ್ತೆ ಮುಂದೆ ಶುರುವಾಗಿದ್ರೆ, ಎಡಗಡೆ ದೊಡ್ಡ ಕರುಳಲ್ಲೂ ಇದ್ರೆ ಕ್ರೋನ್ಸ್ ಕಡೆ ವಾಲ್ತೀವಿ. ಹುಣ್ಣು ಬಳೆ ಥರ ಅಡ್ಡಕ್ಕೆ ಸುತ್ತಿಕೊಂಡಿದ್ರೆ, ಬಾಗಿಲು ತೆರೆದುಕೊಂಡು ನಿಂತಿದ್ರೆ, ಹೊಟ್ಟೆಲಿ ನೀರು ತುಂಬಿದ್ರೆ, ಸಿಟಿ ಸ್ಕ್ಯಾನಲ್ಲಿ ಒಂದು ಸೆಂಟಿಮೀಟರ್‌ಗಿಂತ ದೊಡ್ಡ, ನಡುವೆ ಕೊಳೆತ ದುಗ್ಧಗ್ರಂಥಿ ಗಂಟುಗಳಿದ್ರೆ, ಎದೆ ಎಕ್ಸ್‌ರೇಲಿ ಕಲೆ ಇದ್ರೆ ಟಿಬಿ ಕಡೆ. ದೆಹಲಿ ಏಮ್ಸ್‌ನವರು ಸಿಟಿ ಚಿತ್ರದಲ್ಲಿ ಹೊಟ್ಟೆಯೊಳಗಿನ ಕೊಬ್ಬು ಮತ್ತೆ ಚರ್ಮದ ಕೆಳಗಿನ ಕೊಬ್ಬನ್ನ ಅಳೆದು, ಒಳಗಿನದು ಜಾಸ್ತಿ ಇದ್ರೆ ಕ್ರೋನ್ಸ್ ಸಾಧ್ಯತೆ ಜಾಸ್ತಿ ಅಂತಾನೂ ತೋರಿಸಿದ್ದಾರೆ. ನಿಮ್ಮ ತಮ್ಮನದ್ದು ನೋಡಿದ್ರೆ ಸಂಜೆ ಜ್ವರ ಟಿಬಿ ಕಡೆ ಎಳೆಯುತ್ತೆ, ಸ್ಕ್ಯಾನಲ್ಲಿ ಗಂಟುಗಳು ಸಣ್ಣವು ಕೊಳೆತಿಲ್ಲ ಅನ್ನೋದು ಕ್ರೋನ್ಸ್ ಕಡೆ ಎಳೆಯುತ್ತೆ, ಹುಣ್ಣಿನ ಆಕಾರದ ಬಗ್ಗೆ ರಿಪೋರ್ಟ್‌ನಲ್ಲಿ ಒಂದೇ ಸಾಲು ಇದೆ. ತಕ್ಕಡಿ ನಡುವೆ ನಿಂತಿದೆ.

ಇಂಥಾ ಜಾಗದಲ್ಲಿ ಟಿಬಿ ಮಾತ್ರೆ ಶುರು ಮಾಡಿದ ನಿಮ್ಮೂರ ಡಾಕ್ಟರು ಮಾಡಿದ್ದು ಸರಿ, ನಾನಿದ್ರೂ ಅದನ್ನೇ ಮಾಡ್ತಿದ್ದೆ. ಯಾಕಂದ್ರೆ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಟಿಬಿ ಇರೋನಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ರೆ, ಕ್ರಿಮಿಯನ್ನ ಹಿಡಿದಿಟ್ಟಿದ್ದ ಬೇಲಿ ನಾವೇ ಕಿತ್ತ ಹಾಗೆ. ಮೊದಲ ಎರಡು ವಾರ ರೋಗಿ ಖುಷಿಯಾಗಿರ್ತಾನೆ, ಹಸಿವು ಬರುತ್ತೆ, ನೋವು ಹೋಗುತ್ತೆ, ಆಮೇಲೆ ಶ್ವಾಸಕೋಶ, ಮೆದುಳು ಎಲ್ಲೆಲ್ಲೋ ಹರಡಿಕೊಂಡು ಬರ್ತಾನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಬ್ಬ ಹುಡುಗಿಗೆ ಹೀಗೆ ಮಾಡಿದ್ದೆ, ಬದುಕಿಕೊಂಡಳು, ಆದ್ರೆ ಅವಳ ಅಪ್ಪ ಐಸಿಯು ಬಾಗಿಲಲ್ಲಿ ನಿಂತು ಏನೂ ಕೇಳದೆ ನನ್ನ ಮುಖ ನೋಡ್ತಿದ್ದಿದ್ದು ಇವತ್ತಿಗೂ ನೆನಪಿದೆ. ಕ್ರೋನ್ಸ್ ಇರೋನಿಗೆ ಎರಡು ತಿಂಗಳು ಟಿಬಿ ಮಾತ್ರೆ ಕೊಟ್ರೆ ಆಗೋ ನಷ್ಟ ಅದಕ್ಕಿಂತ ಕಮ್ಮಿ.

ಆದ್ರೆ ಎರಡು ತಿಂಗಳು ಅಂದೆ, ಗಮನಿಸಿ. ಈ ಪತ್ರಕ್ಕೆ ಇಷ್ಟು ಉದ್ದ ಬರೀತಿರೋದೇ ಈ ಕಾರಣಕ್ಕೆ. ಇಲ್ಲಿ ಟಿಬಿ ಮಾತ್ರೆ ಚಿಕಿತ್ಸೆನೂ ಹೌದು, ಟೆಸ್ಟೂ ಹೌದು, ಟೆಸ್ಟ್ ಅಂದ್ಮೇಲೆ ರಿಸಲ್ಟ್ ನೋಡೋ ದಿನ ಒಂದು ಇರಬೇಕು. ಆ ದಿನ ಯಾವುದು ಅಂತ ನಿಮಗೆ ಯಾರೂ ಹೇಳಿಲ್ಲ. ಮಾತ್ರೆ ಶುರು ಮಾಡಿ ಎರಡು ತಿಂಗಳಿಗೆ, ತಡ ಅಂದ್ರೆ ಮೂರು ತಿಂಗಳೊಳಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದ್ಯಾ ಅಂತ ಕಣ್ಣಲ್ಲಿ ನೋಡ್ಬೇಕು. ಟಿಬಿ ಆಗಿದ್ರೆ ಅಷ್ಟರಲ್ಲಿ ಬಹುಪಾಲು ಜನರಲ್ಲಿ ಹುಣ್ಣು ಮಾಯ್ದಿರುತ್ತೆ ಅಥವಾ ಮಾಯೋ ದಾರಿ ಸ್ಪಷ್ಟವಾಗಿ ಹಿಡಿದಿರುತ್ತೆ.

ಹೊಟ್ಟೆ ನೋವು ಕಮ್ಮಿ ಆಗಿದೆ, 2 ಕೆಜಿ ಏರಿದ್ದಾನೆ, ಸಾಲದಾ ಅಂದ್ರೆ ಸಾಲಲ್ಲ. ಏಮ್ಸ್‌ನವರು ವರ್ಷಗಟ್ಟಲೆ ಇಂಥಾ ರೋಗಿಗಳನ್ನ ಹಿಂಬಾಲಿಸಿ ನೋಡಿದಾಗ ಗೊತ್ತಾಗಿದ್ದೇ ಇದು, ಕ್ರೋನ್ಸ್ ಇರೋರಲ್ಲೂ ಎಷ್ಟೋ ಜನಕ್ಕೆ ಟಿಬಿ ಮಾತ್ರೆಯಿಂದ ಹಾಯಾಗುತ್ತೆ, ಆದ್ರೆ ಒಳಗೆ ಹುಣ್ಣು ಹಾಗೇ ಕೂತಿರುತ್ತೆ. ಅದರ ಜೊತೆಗೆ ನಿಮ್ಮ ತಮ್ಮ ಈಗ ಬಿಸಿಲಲ್ಲಿ ಬೈಕ್ ಓಡಿಸದೆ, ಹೊತ್ತಿಗೆ ಸರಿಯಾಗಿ ಅಕ್ಕನ ಕೈ ಊಟ ತಿಂತಿದ್ದಾನೆ, 2 ಕೆಜಿಲಿ ಅದರ ಪಾಲೂ ಇರಬಹುದು. ಉಲ್ಟಾ ಕೂಡ ಆಗುತ್ತೆ, ಟಿಬಿ ಹುಣ್ಣು ಪೂರ್ತಿ ಮಾಯ್ದು ಆ ಜಾಗ ಕಿರಿದಾಗಿ ಉಳ್ಕೊಂಡ್ರೆ ಊಟ ಆದ್ಮೇಲೆ ನೋವು ಬರ್ತಾನೇ ಇರುತ್ತೆ, ಅದನ್ನ ನೋಡಿ ಮಾತ್ರೆ ಕೆಲಸ ಮಾಡ್ಲಿಲ್ಲ ಅಂದ್ಕೋಬಾರದು. ಅದಕ್ಕೇ ಹೊಟ್ಟೆ ಹೇಳೋದನ್ನಲ್ಲ, ಸ್ಕೋಪ್ ತೋರಿಸೋದನ್ನ ನೋಡಿ ಅನ್ನೋದು.

ಸ್ಕೋಪ್‌ನಲ್ಲಿ ಹುಣ್ಣು ಮಾಯ್ದಿದ್ರೆ ಟಿಬಿ, ಒಟ್ಟು ಆರು ತಿಂಗಳು ಮಾತ್ರೆ ಮುಗಿಸಿ. ಆರು ಸಾಕು, ಒಂಬತ್ತು ತಿಂಗಳ ಜೊತೆ ಹೋಲಿಸಿ ನಮ್ಮ ದೇಶದಲ್ಲೇ ಮಾಡಿದ ಅಧ್ಯಯನ 2015ರಲ್ಲಿ ಬಂತು, ವ್ಯತ್ಯಾಸ ಇರಲಿಲ್ಲ. ಅರ್ಧಂಬರ್ಧ ಮಾಯ್ದಿದ್ರೆ ಮುಂದುವರಿಸಿ ಕೊನೆಗೆ ಇನ್ನೊಂದ್ಸಲ ನೋಡ್ಬೇಕಾಗುತ್ತೆ. ಹುಣ್ಣು ಇದ್ದ ಹಾಗೇ ಇದ್ರೆ ಅಥವಾ ಜಾಸ್ತಿ ಆಗಿದ್ರೆ ಮತ್ತೆ ಬಯಾಪ್ಸಿ, ಈ ಸಲ ಕಲ್ಚರ್‌ಗೂ ಕಳಿಸಿ ಔಷಧಿಗೆ ಬಗ್ಗದ ಟಿಬಿ ಏನಾದ್ರೂ ಇದ್ಯಾ ಅಂತ ನೋಡಿ, ಇಲ್ಲ ಅಂದ್ರೆ ಕ್ರೋನ್ಸ್ ಅಂತ ತಿಳಿದು ಆ ದಾರಿ ಹಿಡೀಬೇಕು. ನಿಮ್ಮ ಲೆಕ್ಕಕ್ಕೆ ಇನ್ನು ಮೂರ್ನಾಲ್ಕು ವಾರ ಇದೆ, ಈಗಲೇ ಡೇಟ್ ತಗೊಳ್ಳಿ.

ಈ ದಿನ ಮರೆತ್ರೆ ಏನಾಗುತ್ತೆ ಅಂತ ಹೇಳ್ತೀನಿ. ನನ್ನ ಹತ್ರ ಬಂದ ಒಬ್ಬ ಮೇಷ್ಟ್ರಿಗೆ ಮೂರು ಕಡೆ ಸೇರಿ ಒಂದೂವರೆ ವರ್ಷ ಟಿಬಿ ಮಾತ್ರೆ ಕೊಟ್ಟಿದ್ರು, ಪ್ರತಿ ಸಲ ನೋವು ಬಂದಾಗ ಇನ್ನೊಂದು ಮೂರು ತಿಂಗಳು ಅಂತ, ಎರಡನೇ ಸಲ ಸ್ಕೋಪ್ ಮಾಡೇ ಇರಲಿಲ್ಲ. ಬಂದಾಗ ಕರುಳು ಪೆನ್ಸಿಲ್ ಕೂಡ ತೂರದಷ್ಟು ಕಿರಿದಾಗಿತ್ತು, ಆಪರೇಷನ್‌ಗೇ ಕಳಿಸಬೇಕಾಯ್ತು. ಇದು ಅವರೊಬ್ಬರ ಕಥೆ ಅಲ್ಲ, ಕ್ರೋನ್ಸ್ ಇರೋರಿಗೆ ಟಿಬಿ ಮಾತ್ರೆ ಕೊಟ್ಟು ನೋಡ್ತಾ ಕಳೆದ ಸಮಯ ಸ್ಟ್ರಿಕ್ಚರ್ ಕಡೆ ದೂಡುತ್ತೆ ಅಂತ ಏಮ್ಸ್‌ನವರದ್ದೇ ಇನ್ನೊಂದು ಅಧ್ಯಯನ ಇದೆ. ಎರಡು ತಿಂಗಳ ಗಡಿ ಹಾಕಿರೋದು ಇದಕ್ಕೇ.

ಬೆಂಗಳೂರಿನ ಡಾಕ್ಟರು ಹೇಳಿದ ರೋಗದ ಹೆಸರು ಕೊನೆಗೆ ಸರಿನೇ ಇರಬಹುದು. ನಾನು ಒಪ್ಪದೇ ಇರೋದು ಈಗ, ಐದನೇ ವಾರಕ್ಕೆ, ಮಾತ್ರೆ ನಿಲ್ಲಿಸಿ ಸ್ಟೀರಾಯ್ಡ್‌ಗೆ ಹೋಗೋದನ್ನ. ಕೆಲವರು ಜಾಣತನ ಮಾಡಿ ಎರಡನ್ನೂ ಒಟ್ಟಿಗೆ ತಗೊಳ್ತಾರೆ, ಮಾತ್ರೆನೂ ಇರ್ಲಿ ಸ್ಟೀರಾಯ್ಡೂ ಇರ್ಲಿ ಅಂತ, ದಯವಿಟ್ಟು ಅದನ್ನ ಮಾಡ್ಬೇಡಿ. ಆಮೇಲೆ ಹುಣ್ಣು ಮಾಯ್ದಿದ್ದು ಯಾವುದರಿಂದ ಅಂತ ದೇವರಿಗೂ ಗೊತ್ತಾಗಲ್ಲ, ಟೆಸ್ಟೇ ಕೆಟ್ಟುಹೋಯ್ತು. ಅದೂ ಅಲ್ದೆ ಟಿಬಿ ಮಾತ್ರೆಯಲ್ಲಿರೋ ರಿಫಾಂಪಿಸಿನ್ ಲಿವರ್‌ಗೆ ಚುರುಕು ಮುಟ್ಟಿಸಿ ಸ್ಟೀರಾಯ್ಡನ್ನ ಬೇಗ ಕರಗಿಸಿಬಿಡುತ್ತೆ.

ಈ ವಾರಗಳಲ್ಲಿ ನೀವು ನೋಡ್ಕೊಳ್ಳಬೇಕಾದ್ದು ಹೇಳಿಬಿಡ್ತೀನಿ. ಮೂತ್ರ ಕಿತ್ತಳೆ ಬಣ್ಣ ಆಗೋದು ರಿಫಾಂಪಿಸಿನ್ ಬಣ್ಣ, ಹೆದರಬೇಡಿ. ಕಣ್ಣು ಹಳದಿ ಆದ್ರೆ, ಊಟ ಕಂಡ್ರೆ ವಾಂತಿ ಬರೋ ಹಾಗಾದ್ರೆ ಅವತ್ತೇ ಮಾತ್ರೆ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ ಲಿವರ್ ಟೆಸ್ಟ್ ಮಾಡಿಸಿ. ಕೆಂಪು ಹಸಿರು ಬಣ್ಣ ಮಂಕಾಗಿ ಕಂಡ್ರೆ ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ತಾಗ್ತಿರಬಹುದು, ತಕ್ಷಣ ಹೇಳಿ. ಹೊಟ್ಟೆ ಉಬ್ಬಿ, ಗ್ಯಾಸ್ ಮೋಷನ್ ಎರಡೂ ನಿಂತು ವಾಂತಿ ಶುರುವಾದ್ರೆ ಬೆಳಿಗ್ಗೆ ತನಕ ಕಾಯಬೇಡಿ, ಕರುಳು ಕಟ್ಟಿಕೊಂಡಿರುತ್ತೆ, ಎಮರ್ಜೆನ್ಸಿಗೆ ಹೋಗಿ. ಟಿಬಿ ರೋಗಿಗಳನ್ನ ನೋಂದಾಯಿಸೋ ಸರ್ಕಾರದ ನಿಕ್ಷಯ್‌ನಲ್ಲಿ ಅವನ ಹೆಸರು ಬರೆಸಿದ್ದಾರಾ ಕೇಳಿ, ಮಾತ್ರೆ ಪುಕ್ಕಟೆ, ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತೆ. ಇನ್ನೊಂದು ಮುಖ್ಯ, ಮೈಕೈ ನೋವಿಗೆ ಅಂತ ಮೆಡಿಕಲ್ ಸ್ಟೋರಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಗೊಳ್ಳೋದು ಬೇಡ. ಅವೇ ಕರುಳಲ್ಲಿ ಹುಣ್ಣು ಮಾಡ್ತವೆ, ಡೆಲಿವರಿ ಹುಡುಗರು ಬೆನ್ನು ನೋವಿಗೆ ದಿನಾ ನುಂಗ್ತಾರೆ ಅಂತ ನನಗೆ ಗೊತ್ತು, ನಿಮ್ಮ ತಮ್ಮನೂ ನುಂಗ್ತಿದ್ನಾ ಅಂತ ಕೇಳಿ ನೋಡಿ. ಬೀಡಿ ಸಿಗರೇಟು ಇದ್ರೆ ಬಿಡಿಸಿ, ಕ್ರೋನ್ಸ್‌ಗೆ ಅದು ಬೆಂಕಿಗೆ ತುಪ್ಪ.

ಚಿಕ್ಕಪ್ಪನ ಪುಡಿ. ಅವರ ಕಾಳಜಿಗೆ ಗೌರವ ಇದೆ, ಪುಡಿಗೆ ಇಲ್ಲ. ಲೇಬಲ್ ಇಲ್ಲದ ಇಂಥಾ ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ನಾವು ನೋಡಿದ್ದೀವಿ, ಎರಡೇ ದಿನಕ್ಕೆ ಪವಾಡ ಆಗೋದು ಅದಕ್ಕೇ, ಟಿಬಿ ಇದ್ರೆ ಆ ಪವಾಡದ ಬೆಲೆ ಮೇಲೆ ಹೇಳಿದೆ. ಸ್ಟೀರಾಯ್ಡ್ ಇಲ್ಲದಿದ್ರೂ ಟಿಬಿ ಮಾತ್ರೆಯಿಂದ ಲಿವರ್ ಮೇಲೆ ಮೊದಲೇ ಭಾರ ಇರುವಾಗ ಇನ್ನೊಂದು ಗೊತ್ತಿಲ್ಲದ ವಸ್ತು ಯಾಕೆ? ಅರಿಶಿನದ ಬಗ್ಗೆ ಕೇಳ್ತಾರೆ ಅಂತ ಗೊತ್ತು. ಅದರ ಕರ್ಕ್ಯುಮಿನ್ ಅಂಶವನ್ನ ಮೆಸಲಮಿನ್ ಅನ್ನೋ ಕರುಳಿನ ಉರಿಯೂತದ ಮಾತ್ರೆ ಜೊತೆ ಕೊಟ್ಟು ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಒಳ್ಳೆ ಫಲಿತಾಂಶ ಬಂದಿರೋ ಅಧ್ಯಯನ ಇದೆ, ಅದು ಬೇರೆ ಕಾಯಿಲೆ, ನಿಮ್ಮ ತಮ್ಮನ ಹುಣ್ಣಿಗೆ ಅದನ್ನ ಎಳೆದು ತರೋಕಾಗಲ್ಲ. ಸಾರಿಗೆ ಹಾಕೋ ಅರಿಶಿನ ಹಾಕಿ.

ಬರೀ ಗಂಜಿ ಕುಡಿಸೋದು ಇನ್ನೂ ಕೆಟ್ಟದ್ದು. ಎರಡು ಕಾಯಿಲೆನೂ ಮೈಯನ್ನ ತಿಂದುಹಾಕ್ತವೆ, ಅವನಿಗೆ ಈಗ ಬೇಕಿರೋದು ಪ್ರೋಟೀನು. ಮೊಟ್ಟೆ ತಿನ್ನೋರಾದ್ರೆ ದಿನಕ್ಕೆ ಎರಡು ಮೂರು, ತೊವ್ವೆ, ಮೊಸರು, ಪನ್ನೀರು, ಕೋಳಿ ಮೀನು. ಖಾರದಿಂದ ಕ್ರೋನ್ಸ್ ಬರಲ್ಲ, ಟಿಬಿನೂ ಬರಲ್ಲ, ಉರಿ ಅನ್ನಿಸಿದ್ರೆ ಕಮ್ಮಿ ಮಾಡಿ ಅಷ್ಟೆ. ಹಾಲು ಕುಡಿದ್ರೆ ಹೊಟ್ಟೆ ಗುಡುಗುಡು ಅಂದ್ರೆ ಬಿಟ್ಟು ಮೊಸರು ಕೊಡಿ. ಸಿಟಿಲಿ ಒಂದು ಜಾಗ ಸ್ವಲ್ಪ ಕಿರಿದಾಗಿದೆ ಅಂತ ಇರೋದ್ರಿಂದ ನಾರು ನಾರಾಗಿರೋದು ಸದ್ಯಕ್ಕೆ ಬೇಡ, ನುಗ್ಗೆಕಾಯಿ ಸಿಪ್ಪೆ, ಸೊಪ್ಪಿನ ದಂಟು, ಹಸಿ ತೆಂಗಿನಕಾಯಿ ಚೂರು, ಹಲಸಿನ ತೊಳೆ, ಮೆಕ್ಕೆಜೋಳ ಇವೆಲ್ಲ ಕಿರಿದಾದ ಜಾಗದಲ್ಲಿ ಹೋಗಿ ಸಿಕ್ಕಿಕೊಳ್ತವೆ. ತಿಪಟೂರಿನವರಿಗೆ ಕಾಯಿ ಬಿಡಿ ಅಂದ್ರೆ ಹೆಂಗೆ ಅಂತೀರ, ನುಣ್ಣಗೆ ರುಬ್ಬಿ ಸಾರಿಗೆ ಹಾಕಿ, ತೊಂದರೆ ಇಲ್ಲ. ಮುದ್ದೆ ತಿನ್ನಬಹುದು, ರಾಗಿ ಹಿಟ್ಟನ್ನ ಜರಡಿ ಹಿಡಿದು ಮೆತ್ತಗೆ ಮಾಡಿ. ಬಿ12 ಹೀರಿಕೊಳ್ಳೋದು ಅವನಿಗೆ ಹುಣ್ಣಾಗಿರೋ ಆ ಕೊನೇ ಭಾಗದಲ್ಲೇ, ಅದನ್ನೂ ಕಬ್ಬಿಣಾಂಶವನ್ನೂ ಒಂದ್ಸಲ ಚೆಕ್ ಮಾಡಿಸಿ, ಹಿಮೋಗ್ಲೋಬಿನ್ 8.9 ಅಂತ ಕಂಡೆ, ಮಾತ್ರೆ ಬದಲು ಡ್ರಿಪ್‌ನಲ್ಲಿ ಕಬ್ಬಿಣ ಕೊಡೋದು ವಾಸಿ.

ಈಗ ಕ್ರೋನ್ಸ್ ಅಂತಲೇ ಆಯ್ತು ಅಂದ್ಕೊಳ್ಳೋಣ, ಆ ಇಂಜೆಕ್ಷನ್ ಭಯದ ಬಗ್ಗೆ. ಹಳೇ ಪದ್ಧತಿಲಿ ಮೊದಲು ಸ್ಟೀರಾಯ್ಡ್, ಅದು ಸಾಲದಿದ್ರೆ ರೋಗನಿರೋಧಕ ಶಕ್ತಿ ತಗ್ಗಿಸೋ ಅಜಾಥಯೋಪ್ರಿನ್ ಮಾತ್ರೆ, ಎಲ್ಲಾ ಸೋತ ಮೇಲೆ ಇಂಜೆಕ್ಷನ್ ಅಂತ ಮೆಟ್ಟಿಲು ಹತ್ತಿಸ್ತಿದ್ವಿ. ಸ್ಟೀರಾಯ್ಡ್ ಉರಿ ಆರಿಸುತ್ತೆ, ಹುಣ್ಣು ಮಾಯಿಸೋದ್ರಲ್ಲಿ ನಂಬಿಕಸ್ತ ಅಲ್ಲ, ಎರಡು ಮೂರು ತಿಂಗಳಲ್ಲಿ ಇಳಿಸಿ ನಿಲ್ಲಿಸಲೇಬೇಕು, ಇಲ್ಲಾಂದ್ರೆ ಮೂಳೆ, ಸಕ್ಕರೆ, ಕಣ್ಣು ಎಲ್ಲಕ್ಕೂ ಹೊಡೆತ. ಅಜಾಥಯೋಪ್ರಿನ್ ಅಗ್ಗ, ಕೆಲಸ ಶುರು ಮಾಡೋಕೆ ಮೂರು ತಿಂಗಳು ಬೇಕು, ಏಷ್ಯಾದ ಜನರಲ್ಲಿ ಎನ್‌ಯುಡಿಟಿ15 ಅನ್ನೋ ಜೀನ್‌ನ ಒಂದು ಬದಲಾವಣೆ ಇರೋರಿಗೆ ಇದರಿಂದ ಬಿಳಿ ರಕ್ತಕಣ ದಡದಡ ಇಳಿಯುತ್ತೆ, 2014ರಲ್ಲಿ ಕೊರಿಯಾದವರು ಕಂಡುಹಿಡಿದರು, ನಮ್ಮಲ್ಲೂ ಇದೆ. ಜೀನ್ ಟೆಸ್ಟ್ ಮಾಡಿಸಿ ಶುರು ಮಾಡೋದು ಒಳ್ಳೇದು, ಆಗದಿದ್ರೆ ಮೊದಲ ಎರಡು ತಿಂಗಳು ವಾರಕ್ಕೋ ಎರಡು ವಾರಕ್ಕೋ ರಕ್ತ ನೋಡ್ಬೇಕು, ತಲೆಕೂದಲು ಕಂತೆ ಕಂತೆ ಉದುರಿದ್ರೆ ಅದು ಎಚ್ಚರಿಕೆ ಗಂಟೆ. ಮೆಸಲಮಿನ್ ಬಹಳ ಜನ ಬರೆದುಕೊಡ್ತಾರೆ, ಸಣ್ಣ ಕರುಳಿನ ಕ್ರೋನ್ಸ್‌ಗೆ ಅದರಿಂದ ಹೇಳಿಕೊಳ್ಳೋ ಲಾಭ ಇಲ್ಲ.

ಇಂಜೆಕ್ಷನ್ ಅಂದ್ರೆ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಥರದ್ದು, ಉರಿಯೂತ ಹೊತ್ತಿಸೋ ಟಿಎನ್‌ಎಫ್ ಅನ್ನೋ ಪ್ರೋಟೀನನ್ನ ಕಟ್ಟಿಹಾಕುತ್ತೆ. 1998ರಿಂದ ಬಳಕೇಲಿದೆ. ಇದರ ನಿಜವಾದ ಅಪಾಯ ನಮ್ಮ ದೇಶದಲ್ಲಿ ಕ್ಯಾನ್ಸರ್‌ಗಿಂತ ಮುಂಚೆ ಟಿಬಿ. 2001ರಲ್ಲೇ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡ 70 ಜನಕ್ಕೆ ಟಿಬಿ ಬಂದ ವರದಿ ಬಂತು, ಅದಕ್ಕೇ ಶುರು ಮಾಡೋ ಮುಂಚೆ ಎಕ್ಸ್‌ರೇ, ಟಿಬಿ ಗೋಲ್ಡ್ ನೋಡ್ತೀವಿ, ನೋಡಿದ ಮೇಲೂ ಕೆಲವರಿಗೆ ಬರುತ್ತೆ. ಅದಕ್ಕೆ ಹೋಲಿಸಿದ್ರೆ ಕರುಳಲ್ಲೇ ಹೆಚ್ಚು ಕೆಲಸ ಮಾಡೋ ವೆಡೊಲಿಜುಮ್ಯಾಬ್‌ನಲ್ಲಿ ಟಿಬಿ ಭಯ ಕಮ್ಮಿ, ನಿಧಾನ ಮಾತ್ರ. ಕ್ಯಾನ್ಸರ್ ಮಾತು ಪೂರ್ತಿ ಸುಳ್ಳಲ್ಲ, ಅಜಾಥಯೋಪ್ರಿನ್ ಮತ್ತೆ ಈ ಇಂಜೆಕ್ಷನ್ ಎರಡನ್ನೂ ಒಟ್ಟಿಗೆ ವರ್ಷಗಟ್ಟಲೆ ತಗೊಂಡ ಹರೆಯದ ಗಂಡಸರಲ್ಲಿ ಒಂದು ಬಗೆಯ ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಕಂಡಿದೆ, ತೀರಾ ಅಪರೂಪ, ಆದ್ರೆ ನಿಮ್ಮ ತಮ್ಮನ ವಯಸ್ಸಿನವರಿಗೆ ಎರಡನ್ನೂ ಒಟ್ಟಿಗೆ ಬರೆಯುವಾಗ ನಾನು ಅದನ್ನ ನೆನಪಿಟ್ಟುಕೊಂಡೇ ಬರೀತೀನಿ. ಸಾಯೋವರೆಗೂ ಬೇಕಾ ಅಂದ್ರೆ, ಚೆನ್ನಾಗಿ ಆದ ಮೇಲೆ ಇನ್‌ಫ್ಲಿಕ್ಸಿಮ್ಯಾಬ್ ನಿಲ್ಲಿಸಿ ನೋಡಿದ ಫ್ರಾನ್ಸ್ ಬೆಲ್ಜಿಯಂ ಅಧ್ಯಯನದಲ್ಲಿ ಒಂದು ವರ್ಷದೊಳಗೆ ನೂರಕ್ಕೆ 44 ಜನಕ್ಕೆ ಮತ್ತೆ ಬಂತು. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಜನ ಆ ವರ್ಷ ಇಲ್ಲದೆ ನಡೆಸಿದ್ರು ಅಂತಲೂ ಓದಬಹುದು.

2024ರಲ್ಲಿ ಬ್ರಿಟನ್‌ನ ಒಂದು ದೊಡ್ಡ ಅಧ್ಯಯನ ಬಂತು, ಹೆಸರು ಪ್ರೊಫೈಲ್, ಕೇಂಬ್ರಿಡ್ಜ್‌ನವರು ನಡೆಸಿದ್ದು, ಹೊಸದಾಗಿ ಕ್ರೋನ್ಸ್ ಗೊತ್ತಾದ 386 ಜನ. ಅರ್ಧ ಜನಕ್ಕೆ ಶುರುವಿಗೇ ಇನ್‌ಫ್ಲಿಕ್ಸಿಮ್ಯಾಬ್ ಜೊತೆ ಅಜಾಥಯೋಪ್ರಿನ್ ಥರದ ಮಾತ್ರೆ, ಉಳಿದವರಿಗೆ ಹಳೇ ಮೆಟ್ಟಿಲು. ವರ್ಷದ ಹತ್ರ ಬರುವಾಗ ಸ್ಟೀರಾಯ್ಡ್ ಇಲ್ಲದೆ ಆಪರೇಷನ್ ಇಲ್ಲದೆ ಆರಾಮಾಗಿದ್ದವರು ಮೊದಲ ಗುಂಪಲ್ಲಿ ನೂರಕ್ಕೆ 79, ಎರಡನೇದರಲ್ಲಿ 15. ನಮ್ಮಂಥವರ ಬಾಯಿ ಮುಚ್ಚಿಸಿದ ಅಂಕಿ ಅದು. ತಮಾಷೆ ಏನಂದ್ರೆ ಆ ಅಧ್ಯಯನ ಶುರು ಮಾಡಿದ್ದು ಯಾರಿಗೆ ಕಾಯಿಲೆ ಜೋರಾಗುತ್ತೆ ಅಂತ ಮೊದಲೇ ಹೇಳೋ ಒಂದು ರಕ್ತ ಪರೀಕ್ಷೆ ಕೆಲಸ ಮಾಡುತ್ತಾ ನೋಡೋಕೆ, ಆ ಪರೀಕ್ಷೆ ಮಾತ್ರ ಯಾವ ಪ್ರಯೋಜನಕ್ಕೂ ಬರಲಿಲ್ಲ. ಆದ್ರೆ ಅಲ್ಲಿನವರಿಗೆ ಟಿಬಿ ಗೊಂದಲ ಇಲ್ಲ ಅನ್ನೋದು ನೆನಪಿರಲಿ, ಆ ಪದ್ಧತಿನ ಕಣ್ಣುಮುಚ್ಚಿ ಇಲ್ಲಿಗೆ ತಂದ್ರೆ ಆಗಲ್ಲ. ನಿಮ್ಮ ತಮ್ಮನ ವಿಷಯದಲ್ಲಿ ಒಂದು ಅನುಕೂಲ ಇದೆ, ಟಿಬಿ ಮಾತ್ರೆ ಒಂದಷ್ಟು ತಿಂಗಳು ಆಗಿದ್ದು ಆಮೇಲೆ ಇಂಜೆಕ್ಷನ್ ಬೇಕಾದ್ರೆ ರಕ್ಷಣೆ ಕೊಡುತ್ತೆ. ಹಾಗಾಗಿ ಈ ಮಾತ್ರೆ ವೇಸ್ಟ್ ಆಯ್ತು ಅಂದ್ಕೋಬೇಡಿ.

ದುಡ್ಡಿನ ಮಾತು ಬರೆಯೋಕೆ ನೀವು ಸಂಕೋಚ ಪಟ್ಟಿದ್ದೀರ. ಅಡಾಲಿಮ್ಯಾಬ್‌ನ ಬಯೋಸಿಮಿಲರ್, ಅಂದ್ರೆ ಅದನ್ನೇ ಹೋಲೋ ಔಷಧಿ, 2014ರ ಕೊನೆಗೆ ನಮ್ಮ ದೇಶದ ಕಂಪನಿನೇ ತಂದ ಮೇಲೆ ರೇಟು ಬಹಳ ಇಳಿದಿದೆ, ಆದ್ರೂ ಡೆಲಿವರಿ ಸಂಬಳಕ್ಕೆ ಭಾರನೇ. ಹಾಗಾಗಿ ಇನ್ನೊಂದು ದಾರಿ ಹೇಳ್ತೀನಿ, ಕೇಳಿದ ತಕ್ಷಣ ಜನ ಗಾಬರಿ ಆಗ್ತಾರೆ, ಆಪರೇಷನ್. ಕಾಯಿಲೆ ಆ ಒಂದು ಬಾಗಿಲ ಹತ್ರ ಮಾತ್ರ ಇದ್ದು, ಉದ್ದ ಕಮ್ಮಿ ಇದ್ರೆ, ಆ ಭಾಗ ಲ್ಯಾಪ್ರೋಸ್ಕೋಪಿಲಿ ತೆಗೆಸೋದು ಸೋತವರ ಕೊನೇ ಆಯ್ಕೆ ಅಲ್ಲ. 2017ರಲ್ಲಿ ನೆದರ್ಲೆಂಡ್ಸ್‌ನವರ ನೇತೃತ್ವದಲ್ಲಿ 143 ಜನರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಮತ್ತೆ ಆಪರೇಷನ್ ಹೋಲಿಸಿದ್ರು, ವರ್ಷದ ಕೊನೆಗೆ ಎರಡು ಗುಂಪಿನವರ ಬದುಕಿನ ಗುಣಮಟ್ಟ ಒಂದೇ ಮಟ್ಟದಲ್ಲಿತ್ತು. ತೆಗೆದ ತುಂಡು ಪೂರ್ತಿ ಪೆಥಾಲಜಿಗೆ ಸಿಗೋದ್ರಿಂದ ಟಿಬಿನಾ ಕ್ರೋನ್ಸಾ ಅನ್ನೋ ಪ್ರಶ್ನೆಗೂ ಆ ಸೂಜಿಮೊನೆ ಬಯಾಪ್ಸಿಗಿಂತ ಒಳ್ಳೆ ಉತ್ತರ ಸಿಗುತ್ತೆ. ಮತ್ತೆ ಬರಬಹುದು, ಜೋಡಿಸಿದ ಜಾಗದಲ್ಲೇ, ಆರು ತಿಂಗಳ ಹೊತ್ತಿಗೆ ಸ್ಕೋಪ್ ಹಾಕಿ ನೋಡ್ಬೇಕು. ಹೊಲಿಗೆ ಬಿಡೋದು, ಸೋಂಕು ಇವು ಯಾವ ಕರುಳಿನ ಆಪರೇಷನ್‌ಗೂ ಇರೋ ಅಪಾಯ, ಅವನ ಈಗಿನ ತೂಕದಲ್ಲಿ ಜಾಸ್ತಿ, ಮೊದಲು ಮೈ ತುಂಬಿಕೊಳ್ಳಲಿ.

ಅಂಟೋ ವಿಷಯ. ಕ್ರೋನ್ಸ್ ಅಂಟಲ್ಲ. ಕರುಳಿಗೆ ಮಾತ್ರ ಬಂದ ಟಿಬಿ ಒಂದೇ ತಟ್ಟೆಲಿ ಉಂಡ್ರೂ ಅಂಟಲ್ಲ, ಕೆಮ್ಮು ಇದ್ರೆ ಮಾತ್ರ ಕಫ ಟೆಸ್ಟ್ ಮಾಡಿಸಿ, ಅವನ ಎದೆ ಎಕ್ಸ್‌ರೇ ಕ್ಲೀನ್ ಇದೆ. ತಟ್ಟೆ ಲೋಟ ಬೇರೆ ಇಟ್ಟಿದ್ರೆ ಇವತ್ತೇ ಒಳಗೆ ತಗೊಳ್ಳಿ. ವಂಶದಲ್ಲಿ ಹರಿಯುತ್ತಾ ಅಂದ್ರೆ, ಕ್ರೋನ್ಸ್ ಇರೋರ ಒಡಹುಟ್ಟಿದವರಿಗೆ, ಮಕ್ಕಳಿಗೆ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಆದ್ರೂ ಬಹುಪಾಲು ಜನಕ್ಕೆ ಬರಲ್ಲ. 2001ರಲ್ಲಿ ಯುರೋಪ್ ಮೂಲದವರಲ್ಲಿ ಸಿಕ್ಕಿದ, ಕ್ರೋನ್ಸ್ ಸಾಧ್ಯತೆ ಏರಿಸೋ ನಾಡ್2 ಜೀನ್ ಬದಲಾವಣೆಗಳು ನಮ್ಮವರಲ್ಲಿ ಹುಡುಕಿದ್ರೆ ಸಿಗೋದೇ ಅಪರೂಪ, ಹಾಗಾಗಿ ಅದರ ಟೆಸ್ಟ್ ಮಾಡ್ತೀವಿ ಅಂತ ಪ್ಯಾಕೇಜ್ ಕೊಟ್ರೆ ದುಡ್ಡು ಉಳಿಸಿಕೊಳ್ಳಿ.

ಮದುವೆ ಮಾತು ನಿಲ್ಲಿಸಿದ್ದು ಸರಿ, ಮುರಿದುಕೊಳ್ಳಬೇಡಿ. ಟಿಬಿ ಅಂತಾದ್ರೆ ಆರು ತಿಂಗಳ ಮಾತು, ಮುಗಿದ ಮೇಲೆ ಅವನು ಎಲ್ಲರಂತೆ. ಕ್ರೋನ್ಸ್ ಅಂತಾದ್ರೆ ಹುಡುಗಿಗೆ ಹೇಳಿಯೇ ಮದುವೆ ಮಾಡಿ, ಮುಚ್ಚಿಟ್ಟು ಮಾಡಿದ ಎರಡು ಮದುವೆಗಳ ಜಗಳ ನನ್ನ ಕನ್ಸಲ್ಟಿಂಗ್ ರೂಮಲ್ಲೇ ನಡೆದಿದೆ, ಇಬ್ಬರೂ ಹುಡುಗಿಯರು ಕಾಯಿಲೆಗೆ ಅಲ್ಲ, ಮುಚ್ಚಿಟ್ಟಿದ್ದಕ್ಕೆ ಅತ್ತಿದ್ದು. ಬೇಕಾದ್ರೆ ಹುಡುಗಿನ, ಅವರಪ್ಪನ್ನ ಕರ್ಕೊಂಡು ಬನ್ನಿ, ನಾನೇ ಕೂರಿಸಿ ಹೇಳ್ತೀನಿ. ಮಕ್ಕಳಾಗೋಕೆ ತೊಂದರೆ ಇಲ್ಲ, ಸಲ್ಫಸಲಜಿನ್ ಅನ್ನೋ ಹಳೇ ಮಾತ್ರೆ ಗಂಡಸರಲ್ಲಿ ವೀರ್ಯಾಣು ಕಮ್ಮಿ ಮಾಡುತ್ತೆ, ನಿಲ್ಲಿಸಿದ್ರೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ, ಅದನ್ನ ಅವನಿಗೆ ಬರೆಯೋ ಕಾರಣವೂ ಇಲ್ಲ.

ಎರಡನೇ ಸ್ಕೋಪ್‌ಗೆ ಹೋಗುವಾಗ ಮೊದಲ ಸ್ಕೋಪ್‌ನ ಫೋಟೋಗಳಿರೋ ಕಾಗದ, ಸಿಟಿಯ ಸಿಡಿ, ಪೆಥಾಲಜಿಯಿಂದ ಬಯಾಪ್ಸಿಯ ಗಾಜಿನ ಸ್ಲೈಡು ಮತ್ತೆ ಮೇಣದ ಬ್ಲಾಕು ಕೇಳಿ ತಗೊಂಡು ಹೋಗಿ, ಕೊಡ್ತಾರೆ, ಅದು ನಿಮ್ಮ ಹಕ್ಕು. ಆಗೋದಾದ್ರೆ ಮೊದಲು ಮಾಡಿದ ಡಾಕ್ಟರ ಹತ್ರವೇ ಮಾಡಿಸಿ, ಹುಣ್ಣು ಆವತ್ತು ಹೆಂಗಿತ್ತು ಅಂತ ಅವರ ಕಣ್ಣಿಗೇ ಗೊತ್ತಿರೋದು.